ಎಲ್‌ಎನ್‌ಬಿ ಮೇಲೆ ಬಿದ್ದ ಬಿಸಿಲು

ಮೊದಲ ದಿನ ಅಪ್ಪ ಏನೂ ಹೇಳಲಿಲ್ಲ. ಎರಡನೇ ದಿನ, "ನಿನ್ನೆಯೂ ಇದೇ ಹೊತ್ತಿಗೆ ಹೋಗಿತ್ತು ಕಣೋ" ಅಂದರು. ಸೆಪ್ಟೆಂಬರ್ ಕೊನೆ, ಮಧ್ಯಾಹ್ನ 12ರ ಆಸುಪಾಸು. ಟಿವಿಯಲ್ಲಿ ಮುಖಗಳು ಚೌಕ ಚೌಕವಾಗಿ ಒಡೆದವು, ಮಾತು ತುಂಡು ತುಂಡಾಯಿತು, ಆಮೇಲೆ ಪರದೆ ಪೂರ್ತಿ ಕಪ್ಪು. ಏಳೆಂಟು ನಿಮಿಷ ಕಳೆದ ಮೇಲೆ ತಾನಾಗಿಯೇ ಸರಿಹೋಯಿತು. ಜೋರು ಮಳೆ ಬಂದರೆ ಸಿಗ್ನಲ್ ಹೋಗುವುದು ನಮಗೆ ಗೊತ್ತೇ ಇತ್ತು. ಆದರೆ ಆಕಾಶದಲ್ಲಿ ಒಂದು ಚೂರು ಮೋಡವೂ ಇರಲಿಲ್ಲ.

ಮೂರನೇ ದಿನ ನಾನು ಸ್ಪ್ಯಾನರ್ ಇಟ್ಟುಕೊಂಡು ಕಾದು ಕೂತೆ. ಚಿತ್ರ ಹೋದ ಕೂಡಲೇ ಸೆಟ್‌ಟಾಪ್ ಬಾಕ್ಸಿನ ಮೆನು ತೆರೆದು ನೋಡಿದೆ. ಅಲ್ಲಿ ಎರಡು ಪಟ್ಟಿಗಳಿರುತ್ತವಲ್ಲ, ಒಂದು ಸ್ಟ್ರೆಂತ್, ಇನ್ನೊಂದು ಕ್ವಾಲಿಟಿ. ಸ್ಟ್ರೆಂತ್ ತುಂಬಿಕೊಂಡಿತ್ತು. ಕ್ವಾಲಿಟಿ ಸೊನ್ನೆ! ಅದರ ಅರ್ಥ ಏನು ಅಂತ ಒಂದು ಕ್ಷಣ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಸೀದಾ ತಾರಸಿಗೆ ಹೋಗಿ ಡಿಶ್‌ನ ನಟ್ ಸಡಿಲ ಮಾಡಿ ಆಚೆ ಈಚೆ ತಿರುಗಿಸಿದೆ. ಹತ್ತು ನಿಮಿಷ ಆದ ಮೇಲೂ ಚಿತ್ರ ಬರಲಿಲ್ಲ. ಅರ್ಧ ಗಂಟೆ ಆದರೂ ಬರಲಿಲ್ಲ. ತಾನಾಗಿ ಸರಿಹೋಗಬೇಕಿದ್ದದ್ದನ್ನು ನಾನು ಪೂರ್ತಿ ಕೆಡಿಸಿಟ್ಟಿದ್ದೆ. ಅಪ್ಪ ಸಂಜೆವರೆಗೂ ಸುಮ್ನೆ ಪೇಪರ್ ಓದುತ್ತಾ ಕೂತರು.

ಸಂಜೆ ಡಿಶ್ ಕೂರಿಸುವ ಕೆಲಸದವರೊಬ್ಬರು ಬಂದರು. ಕೈಯಲ್ಲಿ ಒಂದು ಪುಟ್ಟ ಮೀಟರ್. ಅದನ್ನು ಕೇಬಲ್‌ಗೆ ಸಿಕ್ಕಿಸಿ, ಎರಡೂ ಕೈಯಿಂದ ಡಿಶ್‌ನ ಅಂಚು ಹಿಡಿದು ನಿಧಾನವಾಗಿ ತಿರುಗಿಸಿದರು. ತಿರುಗಿಸಿದರು ಅನ್ನುವುದಕ್ಕಿಂತ ಒತ್ತಿದರು ಅನ್ನಬೇಕು, ಅಷ್ಟು ಸಣ್ಣ ಅಲುಗಾಟ. ಮೀಟರ್ ಒಮ್ಮೆಲೇ ಕೂಗಿತು. 60 ಸೆಂಟಿಮೀಟರಿನ ಡಿಶ್ ಆಕಾಶದಲ್ಲಿ ಕಾಣುವುದು ಸುಮಾರು 3 ಡಿಗ್ರಿ ಜಾಗವನ್ನು ಮಾತ್ರ. ಕೈ ನೀಟಾಗಿ ಮುಂದೆ ಚಾಚಿ ಎರಡು ಬೆರಳು ಜೋಡಿಸಿ ಹಿಡಿದರೆ ಎಷ್ಟು ಆಕಾಶ ಮುಚ್ಚುತ್ತದೋ, ಹೆಚ್ಚುಕಡಿಮೆ ಅಷ್ಟೇ. ಅಷ್ಟರೊಳಗೆ ಉಪಗ್ರಹ ಇರಬೇಕು.

"ನಾಳೆ ಮಧ್ಯಾಹ್ನನೂ ಹೋಗುತ್ತೆ ಸರ್. ಆಗ ನಟ್ ಮುಟ್ಟಬೇಡಿ" ಅಂದರು.

"ಯಾಕೆ?"

"ಸೂರ್ಯ."

"ಸೂರ್ಯ ಅಡ್ಡ ಬರ್ತಾನಾ?"

"ಅಡ್ಡ ಅಲ್ಲ ಸರ್. ಉಪಗ್ರಹದ ಬೆನ್ನ ಹಿಂದೆ ಬರ್ತಾನೆ."

ಸ್ಟ್ರೆಂತ್ ಪಟ್ಟಿಯ ಒಗಟು ಅಲ್ಲಿಗೆ ಬಿಡಿಸಿತು. ಸೂರ್ಯ ಬರೀ ಬೆಳಕನ್ನಲ್ಲ, ರೇಡಿಯೋ ತರಂಗಗಳನ್ನೂ ಸುರಿಯುತ್ತಾನೆ. ಡಿಶ್, ಉಪಗ್ರಹ, ಸೂರ್ಯ ಮೂರೂ ಒಂದೇ ಗೆರೆಗೆ ಬಂದಾಗ ಡಿಶ್ ಎರಡನ್ನೂ ಹಿಡಿಯುತ್ತದೆ. ಶಕ್ತಿ ಬೇಕಾದಷ್ಟು ಬರುತ್ತಿರುತ್ತದೆ, ಆದರೆ ಅದರಲ್ಲಿ ಹೆಚ್ಚಿನದು ಸೂರ್ಯನ ಗದ್ದಲ. ಜಾತ್ರೆಯ ಮೈಕಿನ ಮುಂದೆ ನಿಂತವರ ಕಿವಿಯಲ್ಲಿ ಗುಟ್ಟು ಹೇಳಿದ ಹಾಗೆ. ಉಪಗ್ರಹದ್ದು ನಿಜಕ್ಕೂ ಪಿಸುಮಾತೇ. ಭೂಮಿಯಿಂದ ಬಂದ ಸಿಗ್ನಲ್ ಹಿಡಿದು ವಾಪಸ್ ಕಳಿಸುವ ಅದರ ಭಾಗಕ್ಕೆ ಟ್ರಾನ್ಸ್‌ಪಾಂಡರ್ ಅನ್ನುತ್ತಾರೆ. ಅಂಥ ಒಂದು ಟ್ರಾನ್ಸ್‌ಪಾಂಡರ್ ಕಳಿಸುವ ಶಕ್ತಿ ಸಾಮಾನ್ಯವಾಗಿ 100 ವಾಟ್ ಆಸುಪಾಸು, ಹಳೇ ಕಾಲದ ಒಂದು ಬಲ್ಬಿನಷ್ಟು. ಅಷ್ಟನ್ನೇ ಒಂದು ಇಡೀ ದೇಶಕ್ಕೆ ಹಂಚಬೇಕು. ನಮ್ಮ ತಾರಸಿಗೆ ತಲುಪುವುದು ಎಷ್ಟಿರಬಹುದು, ಯೋಚಿಸಿ.

ಹೋಗುವಾಗ ಅವರು ಒಂದು ಕೆಲಸ ಹೇಳಿಕೊಟ್ಟರು. "ನಾಳೆ ಚಿತ್ರ ಹೋದಾಗ ಒದ್ದೆ ಬಟ್ಟೆಯಿಂದ ಡಿಶ್ ಒರೆಸಿ. ಸೂರ್ಯನ್ನ ನೋಡಬೇಡಿ. ಎಲ್‌ಎನ್‌ಬಿ ಮುಖ ನೋಡಿ."

ಎಲ್‌ಎನ್‌ಬಿ ಅಂದರೆ ಡಿಶ್‌ನ ಮುಂದೆ ತೋಳಿನ ತುದಿಯಲ್ಲಿ ಕೂತಿರುವ ಪುಟ್ಟ ಡಬ್ಬಿ. ಡಿಶ್ ಬರೀ ಕನ್ನಡಿ. ಹಿಡಿದದ್ದನ್ನೆಲ್ಲ ಈ ಡಬ್ಬಿಯ ಬಾಯಿಗೆ ಸುರಿಯುತ್ತದೆ. 12 ಗಿಗಾಹರ್ಟ್ಸ್ ಹತ್ತಿರದ, ಅಷ್ಟು ಹೆಚ್ಚಿನ ಫ್ರೀಕ್ವೆನ್ಸಿಯ ಸಿಗ್ನಲ್ ಮಾಮೂಲಿ ಕೇಬಲ್ಲಿನಲ್ಲಿ ದಾರಿಯಲ್ಲೇ ಸೋತುಹೋಗುತ್ತದೆ. ಅದಕ್ಕೇ ಎಲ್‌ಎನ್‌ಬಿ ಅದನ್ನು ಅಲ್ಲೇ ಬಲಪಡಿಸಿ, 1ರಿಂದ 2 ಗಿಗಾಹರ್ಟ್ಸ್ ಮಟ್ಟಕ್ಕೆ ಇಳಿಸಿ ಮನೆಯೊಳಗೆ ಕಳಿಸುತ್ತದೆ.

ಮಾರನೇ ದಿನ ಹೇಳಿದ ಹಾಗೇ ಮಾಡಿದೆ. ಕೆಳಗಿಂದ ಅಪ್ಪ "ಹೋಯ್ತು" ಅಂತ ಕೂಗಿದರು. ಒದ್ದೆ ಬಟ್ಟೆಯಲ್ಲಿ ಒರೆಸಿದ ಡಿಶ್ ಮಿನುಗುತ್ತಿತ್ತು. ಎಲ್‌ಎನ್‌ಬಿಯ ಪ್ಲಾಸ್ಟಿಕ್ ಮುಚ್ಚಳದ ನಟ್ಟನಡುವೆ ಒಂದು ಬೆಳಕಿನ ಮಚ್ಚೆ. ಅಂಚು ಮಸುಕು, ನಡುವೆ ಕಣ್ಣು ಕುಕ್ಕುವಷ್ಟು ಬಿಳಿ. ಕಣ್ಣಿಗೆ ಗೊತ್ತೇ ಆಗದಷ್ಟು ನಿಧಾನವಾಗಿ ಅದು ಸರಿಯುತ್ತಿತ್ತು, ಸೂರ್ಯನ ಉಲ್ಟಾ, ಪಶ್ಚಿಮದಿಂದ ಪೂರ್ವಕ್ಕೆ. ಮಚ್ಚೆ ಒಂದು ಪಕ್ಕಕ್ಕೆ ವಾಲುವ ಹೊತ್ತಿಗೆ ಕೆಳಗಿಂದ ಟಿವಿಯ ಮಾತು ಕೇಳಿತು.

ಅಲ್ಲಿ ನಿಂತಾಗ ನನಗೆ ಹೊಳೆದದ್ದು ಇಷ್ಟು. ಉಪಗ್ರಹವನ್ನು ನಾನು ಯಾವತ್ತೂ ನೋಡಿಲ್ಲ, ಬರಿಗಣ್ಣಿಗೆ ಕಾಣುವುದೂ ಇಲ್ಲ. ಆದರೆ ಈ ಹೊತ್ತಿನಲ್ಲಿ ಸೂರ್ಯ ಎಲ್ಲಿದ್ದಾನೋ ಸರಿಯಾಗಿ ಅಲ್ಲೇ ಅದು ಇದೆ. ನಾಳೆಯೂ ಅಲ್ಲೇ. ರಾತ್ರಿಯೂ ಅಲ್ಲೇ.

ಅಲ್ಲೇ ಇದೆ ಅಂದರೂ ಅದು ನಿಂತಿಲ್ಲ. ಸೆಕೆಂಡಿಗೆ 3 ಕಿಲೋಮೀಟರ್ ವೇಗದಲ್ಲಿ ಓಡುತ್ತಿದೆ. ಭೂಮಿಗೆ ಹತ್ತಿರ ಇದ್ದಷ್ಟೂ ಬೇಗ ಸುತ್ತಬೇಕು, ದೂರ ಹೋದಷ್ಟೂ ನಿಧಾನ. ಸುಮಾರು 400 ಕಿಲೋಮೀಟರ್ ಎತ್ತರದ ಬಾಹ್ಯಾಕಾಶ ನಿಲ್ದಾಣಕ್ಕೆ ಒಂದು ಸುತ್ತಿಗೆ ಒಂದೂವರೆ ಗಂಟೆ ಸಾಕು. ಚಂದ್ರನಿಗೆ 27 ದಿನ ಬೇಕು. ಹಾಗಾದರೆ ಇವೆರಡರ ನಡುವೆ ಎಲ್ಲೋ ಒಂದು ಕಡೆ ಸರಿಯಾಗಿ ಭೂಮಿಯ ಒಂದು ಸುತ್ತಿನಷ್ಟೇ ಹೊತ್ತು ಹಿಡಿಯುವ ಎತ್ತರ ಇರಲೇಬೇಕು, ಅಲ್ವಾ? ಇದೆ. ಸಮಭಾಜಕ ವೃತ್ತದ ನೇರ ಮೇಲೆ, 35,786 ಕಿಲೋಮೀಟರ್. ಭೂಮಿ ತಿರುಗುವ ದಿಕ್ಕಿನಲ್ಲೇ, ಭೂಮಿ ತಿರುಗುವ ಲಯದಲ್ಲೇ ಅದು ಓಡುತ್ತದೆ. ಹಾಗಾಗಿ ನಮ್ಮ ಡಿಶ್ ಕದಲಬೇಕಿಲ್ಲ. 1962ರ ಟೆಲ್‌ಸ್ಟಾರ್ ಉಪಗ್ರಹಕ್ಕೆ ಈ ಭಾಗ್ಯ ಇರಲಿಲ್ಲ. ಅದು ದಿಗಂತದಲ್ಲಿ ಹುಟ್ಟಿ ಮುಳುಗುವವರೆಗೆ ದೈತ್ಯ ಆ್ಯಂಟೆನಾಗಳನ್ನು ಅದರ ಹಿಂದೆಯೇ ತಿರುಗಿಸಬೇಕಿತ್ತು. ಎರಡೇ ವರ್ಷಕ್ಕೆ, 1964ರಲ್ಲಿ, ಸಿಂಕಾಮ್ 3 ಒಂದೇ ಕಡೆ ನಿಂತು ಟೋಕಿಯೋ ಒಲಿಂಪಿಕ್ಸ್ ಅನ್ನು ಅಮೆರಿಕಕ್ಕೆ ತೋರಿಸಿತು. ಹಾಗಂತ ಒಮ್ಮೆ ನಿಲ್ಲಿಸಿದರೆ ಮುಗಿಯಿತು ಅಂತಲ್ಲ. ಸೂರ್ಯ ಚಂದ್ರ ಇಬ್ಬರೂ ಎಳೆಯುತ್ತಲೇ ಇರುತ್ತಾರೆ. ಆಗಾಗ ಸಣ್ಣ ಎಂಜಿನ್ ಉರಿಸಿ ಅದನ್ನು ಜಾಗಕ್ಕೆ ತರಬೇಕು. ಇಂಧನ ಮುಗಿಯುತ್ತಾ ಬಂದಾಗ ಇನ್ನೂ ಮೇಲಕ್ಕೆ ತಳ್ಳಿ ಜಾಗ ಖಾಲಿ ಮಾಡಿಸುತ್ತಾರೆ.

ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಅವರು ಕೇಳಿದ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. "ಕೆಳಗಿನಿಂದ ಕಳಿಸೋದನ್ನ ಉಪಗ್ರಹ ಕೇಳಿಸಿಕೊಳ್ತಾ, ಅದೇ ಹೊತ್ತಿಗೆ ವಾಪಸ್ ಕಳಿಸ್ತಾ ಇದ್ದರೆ ಎರಡೂ ಕಲಸಿಹೋಗಲ್ವಾ?" ಕಲಸಿಹೋಗುತ್ತದೆ, ಎರಡೂ ಒಂದೇ ಫ್ರೀಕ್ವೆನ್ಸಿಯಲ್ಲಿದ್ದರೆ. ತಾನೇ ಕೂಗುತ್ತಾ ದೂರದ ಸಣ್ಣ ದನಿಯನ್ನು ಕೇಳಿಸಿಕೊಳ್ಳಲು ಯಾರಿಗೂ ಆಗುವುದಿಲ್ಲ. ಅದಕ್ಕೇ ಭೂಮಿಯಿಂದ 14 ಗಿಗಾಹರ್ಟ್ಸ್‌ನಲ್ಲಿ ಏರಿದ ಸಿಗ್ನಲ್ಲನ್ನು ಟ್ರಾನ್ಸ್‌ಪಾಂಡರ್ 11 ಅಥವಾ 12ಕ್ಕೆ ಬದಲಿಸಿ ಇಳಿಸುತ್ತದೆ. ಏರಿ ಇಳಿಯಲು ಕಾಲು ಸೆಕೆಂಡ್.

ಕಾಲು ಸೆಕೆಂಡ್ ಅಂದ ಕೂಡಲೇ ಅಪ್ಪನಿಗೆ ಹಳೆಯ ಫೋನ್ ನೆನಪಾಯಿತು. ಆಗ ದೂರದ ದೇಶದ ಕರೆಗಳು ಎಷ್ಟೋ ಸಲ ಉಪಗ್ರಹದ ಮೂಲಕವೇ ಹೋಗುತ್ತಿದ್ದವು. ಹೋಗಿ ಬರುವುದು ಸೇರಿ ಅರ್ಧ ಸೆಕೆಂಡ್. "ಹಲೋ ಅಂದರೆ ಉತ್ತರ ಇಲ್ಲ. ಕೇಳಿಸಲಿಲ್ಲವೇನೋ ಅಂತ ಮತ್ತೆ ಹಲೋ ಅಂತಿದ್ದೆ. ಅಷ್ಟರಲ್ಲಿ ಆ ಕಡೆಯವನ ಮಾತು ಬಂದು ನನ್ನ ಹಲೋಗೆ ಡಿಕ್ಕಿ ಹೊಡೀತಿತ್ತು." ಈಗ ಆ ಕರೆಗಳು ಬಹುಪಾಲು ಸಮುದ್ರದಡಿಯ ಕೇಬಲ್ಲಿನಲ್ಲಿ ಹೋಗುತ್ತವೆ.

ಅದೇ ವಾರ ಒಂದು ರಾತ್ರಿ ನಡುರಾತ್ರಿಯವರೆಗೂ ಇಬ್ಬರೂ ಟಿವಿ ಮುಂದೆ ಕೂತಿದ್ದೆವು. ಹಗಲು ರಾತ್ರಿ ಸಮ ಆಗುವ ಈ ದಿನಗಳಲ್ಲೇ ಉಪಗ್ರಹ ರಾತ್ರಿ ಭೂಮಿಯ ನೆರಳಿಗೂ ಹೋಗುತ್ತದೆ, 72 ನಿಮಿಷದವರೆಗೆ. ಸೌರಫಲಕಕ್ಕೆ ಬಿಸಿಲಿಲ್ಲ, ಪೂರ್ತಿ ಬ್ಯಾಟರಿಯ ಮೇಲೆ ನಡೆಯಬೇಕು. ಚಿತ್ರ ಒಮ್ಮೆಯೂ ನಡುಗಲಿಲ್ಲ. ಅಪ್ಪ ಗಡಿಯಾರ ನೋಡಿ, "ಪಾಪ, ಕತ್ತಲಲ್ಲಿ ಓಡ್ತಾ ಇದೆ" ಅಂದರು.

ಚಿತ್ರ ಹೋಗುವ ಹೊತ್ತು ದಿನೇ ದಿನೇ ಕಡಿಮೆಯಾಯಿತು. ಸೂರ್ಯ ದಕ್ಷಿಣಕ್ಕೆ ಸರಿದಂತೆ ಬೆಳಕಿನ ಮಚ್ಚೆ ಮುಚ್ಚಳದಲ್ಲಿ ಮೇಲಕ್ಕೆ ಏರಿತು. ಮುಂದಿನ ವಾರ ಒಂದು ಮಧ್ಯಾಹ್ನ ಮತ್ತೆ ಡಿಶ್ ಒರೆಸಿ, ಎಲ್‌ಎನ್‌ಬಿಯ ಮೇಲಂಚಿಗೆ ಅಂಗೈ ಇಟ್ಟೆ. ಬೆಳಕಿನ ಒಂದಿಷ್ಟು ಪಾಲು ಪ್ಲಾಸ್ಟಿಕ್ ಮೇಲೆ, ಮಿಕ್ಕಿದ್ದು ನನ್ನ ಕೈ ಮೇಲೆ, ಬೆಚ್ಚಗೆ.

"ಹೋಯ್ತಾ ಅಪ್ಪಾ?" ಅಂತ ಕೂಗಿದೆ.

"ಇಲ್ಲ ಕಣೋ, ಚೆನ್ನಾಗಿ ಬರ್ತಿದೆ."