ಬಾಕಿ ಇದ್ದಾಗ ವಿದ್ಯುತ್ ಕಂಪನಿ ಬದಲಿಸುವ ಮೊದಲು: ಬ್ರಿಟನ್ನಿನ ಸಾಲ ಸಲಹಾ ಕೇಂದ್ರದಲ್ಲಿ ಕಲಿತದ್ದು

ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಪ್ರದೇಶದ ಸಾಲ ಸಲಹಾ ಕೇಂದ್ರವೊಂದರಲ್ಲಿ ನಾನು ಕೆಲಸ ಮಾಡುತ್ತೇನೆ. ಗ್ಯಾಸ್ ಮತ್ತು ವಿದ್ಯುತ್ ಬಿಲ್ಲಿನ ಬಾಕಿ ಹೊತ್ತು ಬರುವವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಈ ಕಂಪನಿಯನ್ನು ಬಿಟ್ಟು ಬೇರೆಯದಕ್ಕೆ ಹೋಗಬಹುದೇ?" ಅದಕ್ಕೆ ನಿಯಮ ಇದೆ, ಮುಂದೆ ಹೇಳುತ್ತೇನೆ. ಆದರೆ ಆ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಬಾಕಿಯನ್ನೇ ಕೂತು ಓದಬೇಕು ಎಂಬುದನ್ನು ಈ ಕೆಲಸ ನನಗೆ ಕಲಿಸಿದೆ. ಅದು ಯಾರ ಬಾಕಿ, ಎಷ್ಟು ಹಳೆಯದು, ಯಾವ ರೀಡಿಂಗಿನ ಮೇಲೆ ಬೆಳೆಯಿತು? ಈ ಮೂರು ತಿಳಿಯದೆ ಕಂಪನಿ ಬದಲಿಸಲು ಓಡಿದವರು ತಮ್ಮದಲ್ಲದ ಹಣವನ್ನೂ ಕಟ್ಟುತ್ತಾರೆ.

ಕರ್ನಾಟಕದಿಂದ ಬಂದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ. ನಮ್ಮಲ್ಲಿ ಮನೆಗೆ ಕರೆಂಟ್ ಕೊಡುವುದು ಆ ಪ್ರದೇಶದ ಎಸ್ಕಾಂ ಮಾತ್ರ. ಬೆಂಗಳೂರಿನಲ್ಲಿದ್ದುಕೊಂಡು ಬೆಸ್ಕಾಂ ಬೇಡ, ಮೆಸ್ಕಾಂ ಕೊಡಲಿ ಎನ್ನಲು ಬರುವುದಿಲ್ಲ. ಬಾಕಿ ಆರ್.ಆರ್. ಸಂಖ್ಯೆಗೆ ಅಂಟಿಕೊಂಡಿರುತ್ತದೆ, ಮನೆ ಕೊಳ್ಳುವವರು ಹಳೆಯ ಕರೆಂಟ್ ಬಿಲ್ ತೀರಿದೆಯೇ ಎಂದು ವಿಚಾರಿಸುವುದು ಅದಕ್ಕೇ. ನಿಯಮಗಳಲ್ಲಿ ಅವಕಾಶವಿದ್ದರೆ ಹಿಂದಿನ ಮಾಲೀಕರ ಬಾಕಿಯನ್ನು ಹೊಸ ಮಾಲೀಕರಿಂದ ವಸೂಲು ಮಾಡಬಹುದು ಎಂದು ಸುಪ್ರೀಂ ಕೋರ್ಟ್ ಕೂಡ 2023ರಲ್ಲಿ ಹೇಳಿದೆ. ಬ್ರಿಟನ್ನಿನಲ್ಲಿ ಲೆಕ್ಕ ಬೇರೆ. ಒಂದೇ ಮನೆಗೆ ಗ್ಯಾಸ್, ವಿದ್ಯುತ್ ಮಾರುವ ಕಂಪನಿಗಳು ಹಲವು, ಬೇಕಾದದ್ದನ್ನು ಆರಿಸಿಕೊಳ್ಳಬಹುದು. ಇಲ್ಲಿ ಬಾಕಿ ವ್ಯಕ್ತಿಗೆ ಸೇರಿದ್ದು, ಗೋಡೆಯ ಮೇಲಿನ ಮೀಟರಿಗೆ ಸೇರಿದ್ದಲ್ಲ. ಹಿಂದಿನ ಬಾಡಿಗೆದಾರ ಉಳಿಸಿಹೋದದ್ದನ್ನು ನೀವು ಕಟ್ಟಬೇಕಾಗಿಲ್ಲ. ಆದರೆ ಆ ಮನೆಗೆ ನೀವು ಯಾವ ದಿನ ಬಂದಿರಿ, ಆ ದಿನ ಮೀಟರ್ ಎಷ್ಟು ತೋರಿಸುತ್ತಿತ್ತು ಎಂಬುದಕ್ಕೆ ದಾಖಲೆ ನಿಮ್ಮ ಕೈಯಲ್ಲಿರಬೇಕು.

ಒಂದು ಕುಟುಂಬದ ಕಡತ ನನಗೆ ಚೆನ್ನಾಗಿ ನೆನಪಿದೆ. ಬಾಡಿಗೆ ಫ್ಲ್ಯಾಟು, ಇಬ್ಬರು ಚಿಕ್ಕ ಮಕ್ಕಳು, ಸಾವಿರ ಪೌಂಡ್ ದಾಟಿದ ವಿದ್ಯುತ್ ಬಾಕಿ. ಬೇರೆ ಕಂಪನಿಗೆ ಅರ್ಜಿ ಹಾಕಿದ್ದರು. ಹಳೆಯ ಕಂಪನಿ ಆಕ್ಷೇಪಣೆಯ ಪತ್ರ ಕಳಿಸಿತ್ತು. ಮನೆಯಲ್ಲಿ ಹೀಟರ್ ಹಚ್ಚುವುದನ್ನೇ ನಿಲ್ಲಿಸಿದ್ದರು. ಮಕ್ಕಳು ಜಾಕೆಟ್ ಹಾಕಿಕೊಂಡೇ ಮಲಗುತ್ತಿದ್ದಾರೆ ಎಂದು ತಾಯಿ ಹೇಳಿದಾಗ ನನಗೆ ಸಂಕಟವಾಯಿತು. ಬಿಲ್ಲುಗಳನ್ನು ತಾರೀಖಿನ ಪ್ರಕಾರ ಮೇಜಿನ ಮೇಲೆ ಜೋಡಿಸಿದೆವು. ಮೊದಲ ಬಿಲ್ಲಿನ ಆರಂಭದ ರೀಡಿಂಗ್ ಮುಂದೆ "ಅಂದಾಜು" ಎಂಬ ಗುರುತಿತ್ತು. ಯಾರೂ ಮೀಟರ್ ನೋಡಿರಲಿಲ್ಲ, ಕಂಪನಿ ತಾನೇ ಒಂದು ಸಂಖ್ಯೆ ಹಾಕಿಕೊಂಡಿತ್ತು. ಬಾಡಿಗೆ ಏಜೆಂಟರು ಕೀಲಿ ಕೊಡುವಾಗ ಮಾಡಿದ ಮನೆಯ ತಪಾಸಣಾ ವರದಿಯನ್ನು ತರಲು ಹೇಳಿದೆ. ಅದರ ಕೊನೆಯ ಪುಟದಲ್ಲಿ ಮೀಟರಿನ ಫೋಟೊ ಇತ್ತು. ನಿಜವಾದ ರೀಡಿಂಗ್ ಕಂಪನಿಯ ಅಂದಾಜಿಗಿಂತ ಬಹಳ ಮುಂದಿತ್ತು. ನಡುವಿನ ಯೂನಿಟ್‌ಗಳನ್ನೆಲ್ಲ ಸುಟ್ಟವರು ಹಿಂದಿನ ಬಾಡಿಗೆದಾರರು, ಬಿಲ್ ಬಂದದ್ದು ಇವರಿಗೆ. ಫೋಟೊ ಮತ್ತು ಬಾಡಿಗೆ ಕರಾರಿನ ಪ್ರತಿ ಕಳಿಸಿ ಲಿಖಿತ ದೂರು ಕೊಟ್ಟೆವು. ಖಾತೆಯ ಲೆಕ್ಕ ಮತ್ತೆ ಮಾಡಿದಾಗ ಬಾಕಿ ಅರ್ಧಕ್ಕಿಂತ ಕೆಳಗೆ ಇಳಿಯಿತು.

ಈಗ ನಿಯಮ. ಬಿಲ್ ಬಂದ ಮೇಲೆ ಹಣ ಕಟ್ಟುವ ಸಾಮಾನ್ಯ ಮೀಟರ್ ಇದ್ದು, ಬಾಕಿ 28 ದಿನಕ್ಕಿಂತ ಹೊಸದಾಗಿದ್ದರೆ ಬದಲಿಸಲು ಅಡ್ಡಿಯಿಲ್ಲ. ಅದು ಹಳೆಯ ಕಂಪನಿಯ ಕೊನೆಯ ಬಿಲ್ಲಿಗೆ ಸೇರುತ್ತದೆ. 28 ದಿನ ದಾಟಿದ್ದರೆ ಹಳೆಯ ಕಂಪನಿ ತಡೆಯಬಹುದು, ಬಾಕಿ ತೀರಿಸಿ ಹೋಗಿ ಎನ್ನಬಹುದು. ಆದರೆ ಬಾಕಿ ಹುಟ್ಟಿದ್ದೇ ಕಂಪನಿಯ ತಪ್ಪಿನಿಂದ ಎಂದಾದರೆ, ಉದಾಹರಣೆಗೆ ಬಿಲ್ಲಿನ ಲೆಕ್ಕವೇ ತಪ್ಪಿದ್ದರೆ, ಅದನ್ನು ನೆಪ ಮಾಡಿಕೊಂಡು ತಡೆಯುವಂತಿಲ್ಲ. ಇನ್ನೊಂದು ರಕ್ಷಣೆ 2018ರಿಂದ ಇದೆ: ಕಂಪನಿ ತನ್ನ ಲೋಪದಿಂದ ಸರಿಯಾದ ಬಿಲ್ ಕಳಿಸದೆ ಇದ್ದು ಆಮೇಲೆ ಒಟ್ಟಿಗೆ ಕೇಳಿದರೆ, 12 ತಿಂಗಳಿಗಿಂತ ಹಿಂದೆ ಬಳಸಿದ ವಿದ್ಯುತ್ತಿಗೆ ಹಣ ಕೇಳಲು ಅದಕ್ಕೆ ಹಕ್ಕಿಲ್ಲ. ಮೀಟರ್ ಓದಲು ನೀವೇ ಅಡ್ಡಿಪಡಿಸಿದ್ದರೆ ಮಾತ್ರ ಈ ರಕ್ಷಣೆ ಸಿಗುವುದಿಲ್ಲ.

ಮೊದಲೇ ಹಣ ತುಂಬಿಸುವ ಪ್ರೀಪೇಮೆಂಟ್ ಮೀಟರಿನ ವಿಷಯ ಇನ್ನೂ ಸೂಕ್ಷ್ಮ. ಅಂಥ ಮನೆಗಳಲ್ಲಿ ಪ್ರತಿ ಇಂಧನಕ್ಕೆ 500 ಪೌಂಡ್‌ವರೆಗಿನ ಬಾಕಿಯನ್ನು ಹೊತ್ತುಕೊಂಡೇ ಹೊಸ ಕಂಪನಿಗೆ ಹೋಗಬಹುದು. ಗ್ಯಾಸಿಗೆ 500, ವಿದ್ಯುತ್ತಿಗೆ 500. ಸಾಲ ಕಳೆಯುವುದಿಲ್ಲ, ಹೊಸ ಕಂಪನಿ ಅದೇ ಮೀಟರಿನ ಮೂಲಕ ಕಂತಿನಲ್ಲಿ ಹಿಡಿದುಕೊಳ್ಳುತ್ತದೆ. ಹೊಸದಾಗಿ ಬಂದ ವಿದ್ಯಾರ್ಥಿಗಳು, ಆರೈಕೆ ಕೆಲಸಕ್ಕೆ ಬಂದವರು ಇಂಥ ಮನೆಗಳಲ್ಲಿ ಇಳಿದುಕೊಂಡಾಗ ಒಂದು ವಿಚಿತ್ರ ನಡೆಯುತ್ತದೆ: ಅಂಗಡಿಯಲ್ಲಿ ಹತ್ತು ಪೌಂಡ್ ತುಂಬಿಸಿದರೆ ಮೀಟರಿನಲ್ಲಿ ಏಳೋ ಆರೋ ಕಾಣುತ್ತದೆ. ಉಳಿದದ್ದು ಹಿಂದಿನವರ ಸಾಲಕ್ಕೆ ಹೋಗುತ್ತಿರುತ್ತದೆ. ಈ ಮೀಟರಿಗೆ ಹಣ ತುಂಬಿಸಲು ಒಂದು ಎಲೆಕ್ಟ್ರಾನಿಕ್ ಕೀಲಿ ಅಥವಾ ಕಾರ್ಡು ಇರುತ್ತದೆ; ಮನೆಯಲ್ಲಿ ಸಿಕ್ಕಿದ ಹಳೆಯದಕ್ಕೆ ಹಣ ಹಾಕಬೇಡಿ. ಮೊದಲು ಕಂಪನಿಗೆ ಕರೆ ಮಾಡಿ, ನಿಮ್ಮ ಹೆಸರು ಮತ್ತು ಬಂದ ದಿನಾಂಕ ಕೊಟ್ಟು, ಹೊಸದನ್ನು ಕೇಳಿ ಪಡೆಯಿರಿ.

ಬಾಕಿ ಕಟ್ಟದವರ ಮನೆಗೆ ನ್ಯಾಯಾಲಯದ ವಾರಂಟ್ ತಂದು ಈ ಮೀಟರನ್ನು ಬಲವಂತವಾಗಿ ಕೂರಿಸುತ್ತಿದ್ದ ರೀತಿ 2023ರ ಫೆಬ್ರವರಿಯಲ್ಲಿ ಬಯಲಾಗಿ ದೇಶವೇ ಸಿಟ್ಟಾಯಿತು. ಅದಾದ ಮೇಲೆ ನಿಯಂತ್ರಣ ಸಂಸ್ಥೆ ಆಫ್‌ಜೆಮ್ ನಿಯಮ ಬಿಗಿ ಮಾಡಿತು. ಎರಡು ವರ್ಷದೊಳಗಿನ ಮಗು ಇರುವ ಮನೆಗೆ ಈಗ ಹಾಗೆ ಬಲವಂತ ಮಾಡುವಂತಿಲ್ಲ. ಮಗು, ವೃದ್ಧರು, ಕಾಯಿಲೆಯವರು ಮನೆಯಲ್ಲಿದ್ದರೆ ಕಂಪನಿಗೆ ತಿಳಿಸಿ ಎಂದು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ನಮ್ಮವರು ಸಂಕೋಚದಿಂದ ಹೇಳುವುದಿಲ್ಲ.

ಬದಲಿಸಿದರೆ ಲಾಭವೆಷ್ಟು? ಇಲ್ಲಿ ನಾನು ಖಂಡಿತವಾಗಿ ಒಂದು ಮಾತು ಹೇಳುತ್ತೇನೆ: ಬಹಳ ಜನ ಎಣಿಸುವಷ್ಟಿಲ್ಲ. 2019ರ ಜನವರಿಯಿಂದ ಕಂಪನಿಗಳ ಸಾಮಾನ್ಯ ದರಕ್ಕೆ ಆಫ್‌ಜೆಮ್ ಹಾಕಿದ ಬೆಲೆ ಮಿತಿ ಇದೆ, ಈಗ ಮೂರು ತಿಂಗಳಿಗೊಮ್ಮೆ ಅದು ಬದಲಾಗುತ್ತದೆ. ಮಿತಿ ಇರುವುದು ಪ್ರತಿ ಯೂನಿಟ್ಟಿನ ದರಕ್ಕೆ ಮತ್ತು ದಿನದ ನಿಗದಿತ ಶುಲ್ಕಕ್ಕೆ. ಹೆಚ್ಚು ಬಳಸಿದರೆ ಬಿಲ್ ಏರುತ್ತಲೇ ಹೋಗುತ್ತದೆ. ಸಾಮಾನ್ಯ ದರದಲ್ಲಿ ಕಂಪನಿ ಕಂಪನಿಗೆ ಅಂತರ ಕಡಿಮೆ. ಉಳಿತಾಯ ಸಿಕ್ಕರೆ ಅದು ನಿಗದಿತ ಅವಧಿಯ ಯೋಜನೆಗಳಲ್ಲಿ, ಅಥವಾ ಹಣ ಕಟ್ಟುವ ವಿಧಾನ ಬದಲಿಸುವುದರಲ್ಲಿ. ಬಿಲ್ ಬಂದ ಮೇಲೆ ಕಟ್ಟುವವರಿಗಿಂತ ಬ್ಯಾಂಕಿನಿಂದ ನೇರವಾಗಿ ಕಡಿತವಾಗುವವರಿಗೆ ದರ ಕಡಿಮೆ. ಹಾಗಾಗಿ ಬದಲಿಸಲು ತಡೆ ಬಂದವರು ಇರುವ ಕಂಪನಿಯಲ್ಲಿಯೇ ಅಗ್ಗದ ಯೋಜನೆ ಕೇಳಬೇಕು.

ಕಂತಿನ ಮಾತುಕತೆಯೇ ನಮ್ಮ ಕೆಲಸದ ತಿರುಳು. ಗ್ರಾಹಕರಿಗೆ ಎಷ್ಟು ಕಟ್ಟಲು ಶಕ್ತಿಯಿದೆ ಎಂದು ನೋಡಿಯೇ ಕಂತು ನಿಗದಿ ಮಾಡಬೇಕು ಎಂಬುದು ಕಂಪನಿಗಳ ಮೇಲಿರುವ ಕಟ್ಟುಪಾಡು. ಆದ್ದರಿಂದ ಫೋನ್ ಮಾಡುವ ಮೊದಲು ಬಾಡಿಗೆ, ಊಟ, ಬಸ್ಸು, ಮಕ್ಕಳ ಖರ್ಚು ಎಲ್ಲವನ್ನೂ ಬರೆದುಕೊಂಡು, ಉಳಿಯುವುದು ಎಷ್ಟೆಂದು ತಿಳಿದುಕೊಳ್ಳಬೇಕು. ಹೆದರಿಕೆಯಲ್ಲಿ "ತಿಂಗಳಿಗೆ 150 ಕಟ್ಟುತ್ತೇನೆ" ಎಂದು ಒಪ್ಪಿಕೊಂಡು ಎರಡನೇ ತಿಂಗಳೇ ತಪ್ಪಿಸುವುದಕ್ಕಿಂತ, ಕಟ್ಟಲಾಗುವ 20 ಪೌಂಡನ್ನು ಗಟ್ಟಿಯಾಗಿ ಹೇಳುವುದು ಎಷ್ಟೋ ಮೇಲು. ಇತರ ಸಾಲಗಳೂ ಇದ್ದರೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2021ರ ಮೇ ತಿಂಗಳಿನಿಂದ 60 ದಿನಗಳ ಬಿಡುವಿನ ವ್ಯವಸ್ಥೆ ಇದೆ. ಸಲಹೆಗಾರರ ಮೂಲಕ ಅರ್ಜಿ ಹಾಕಿದರೆ ಆ ಅವಧಿಯಲ್ಲಿ ಹಳೆಯ ಬಾಕಿಗೆ ಕಾಟ ಕೊಡುವಂತಿಲ್ಲ. ಚಾಲ್ತಿ ಬಿಲ್ ಮಾತ್ರ ಕಟ್ಟುತ್ತಿರಬೇಕು.

ವೀಸಾ ಮೇಲೆ ಇರುವವರಿಗೆ ಒಂದು ಮಾತು. ಸರ್ಕಾರದ ನೆರವು ಪಡೆಯುವಂತಿಲ್ಲ ಎಂಬ ಷರತ್ತು ನೋಡಿ ಕಂತು ಕೇಳಲೂ ಅಂಜುವವರನ್ನು ಕಂಡಿದ್ದೇನೆ. ಕಂಪನಿಯೊಡನೆ ಕಂತು ಮಾಡಿಕೊಳ್ಳುವುದು ಸರ್ಕಾರದ ನೆರವಲ್ಲ. ಉಚಿತ ಸಾಲ ಸಲಹೆ ಪಡೆಯುವುದೂ ಸರ್ಕಾರದ ನೆರವಲ್ಲ. ಬಿಲ್ ಬಾಕಿ ಅಪರಾಧವೂ ಅಲ್ಲ. ಸುಮ್ಮನೆ ಬಿಟ್ಟರೆ ಸಾಲದ ದಾಖಲೆಗೆ ಪೆಟ್ಟು ಬೀಳುತ್ತದೆ, ನಾಳೆ ಮನೆ ಸಾಲಕ್ಕೆ ಅದು ತೊಡಕಾಗುತ್ತದೆ; ಅದಕ್ಕೇ ಬೇಗ ಬನ್ನಿ ಎನ್ನುತ್ತೇನೆ.

ಮೇಲೆ ಹೇಳಿದ ಕುಟುಂಬ ಕೊನೆಗೆ ಕಂಪನಿ ಬದಲಿಸಲಿಲ್ಲ. ಉಳಿದ ಬಾಕಿಗೆ ಸಣ್ಣ ಕಂತು ಮಾಡಿಕೊಂಡು ಅಲ್ಲಿಯೇ ಅಗ್ಗದ ಯೋಜನೆಗೆ ಸೇರಿದರು. ದೂರಿಗೆ ಕಂಪನಿ ಮಣಿಯದಿದ್ದರೆ ನಮಗೆ ಇನ್ನೊಂದು ಮೆಟ್ಟಿಲು ಇತ್ತು: ಎಂಟು ವಾರದೊಳಗೆ ದೂರು ಇತ್ಯರ್ಥವಾಗದಿದ್ದರೆ ಗ್ರಾಹಕರ ದೂರು ವಿಚಾರಿಸುವ ಸ್ವತಂತ್ರ ಸಂಸ್ಥೆಯಾದ ಇಂಧನ ಒಂಬುಡ್ಸ್‌ಮನ್ ಬಳಿಗೆ ಹೋಗಬಹುದು. ಅದಕ್ಕೆ ಶುಲ್ಕವಿಲ್ಲ, ಅವರ ತೀರ್ಮಾನವನ್ನು ಗ್ರಾಹಕರು ಒಪ್ಪಿದರೆ ಕಂಪನಿ ಪಾಲಿಸಲೇಬೇಕು. ಆ ಎಂಟು ವಾರದ ಎಣಿಕೆ ಶುರುವಾಗುವುದು ದೂರು ಕೊಟ್ಟ ದಿನದಿಂದ. ಫೋನಿನಲ್ಲಿ ಮಾತಾಡಿದ ಮೇಲೂ ಅದೇ ದಿನ ಇಮೇಲ್ ಹಾಕಿ, "ಇದು ದೂರು" ಎಂದು ಮೊದಲ ಸಾಲಿನಲ್ಲೇ ಬರೆಯಿರಿ.