ಪ್ರಯೋಗಾಲಯದ ಪಕ್ಕದ ಕೂಸಿನ ಕೋಣೆ

2015ರ ಜೂನ್‌ನಲ್ಲಿ ನಾನು ನಮ್ಮ ಶಾಲೆಯ ಹತ್ತನೆಯ ತರಗತಿಗೆ ಮತ್ತೆ ಹೆಸರು ಹಚ್ಚಿದಾಗ ನನಗೆ ಹದಿನೇಳು ವರ್ಷ, ನನ್ನ ಮಗಳಿಗೆ ಏಳು ತಿಂಗಳು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಜಾರಿಯಲ್ಲಿದ್ದಾಗಲೇ, ಒಂಬತ್ತನೆಯ ತರಗತಿ ಮುಗಿದ ಬೇಸಿಗೆಯಲ್ಲಿ, ಮನೆಯ ಹಿರಿಯರು ನನ್ನ ಮದುವೆ ಮಾಡಿ ಮುಗಿಸಿದ್ದರು. ಬಾಣಂತನಕ್ಕೆ ತವರಿಗೆ ಬಂದವಳು ಓದುತ್ತೇನೆಂದು ಹಟ ಹಿಡಿದೆ. ಅಪ್ಪ ಒಪ್ಪಿದರು, ಆದರೆ ಕೂಸನ್ನು ಯಾರು ನೋಡಬೇಕು ಎಂಬ ಪ್ರಶ್ನೆಗೆ ಮನೆಯಲ್ಲಿ ಯಾರಲ್ಲಿಯೂ ಉತ್ತರವಿರಲಿಲ್ಲ. ಅವ್ವ ವಿಜಯಪುರ ಜಿಲ್ಲೆಯ ತಿಕೋಟಾ ಭಾಗದ ದ್ರಾಕ್ಷಿ ತೋಟಗಳಿಗೆ ಕೂಲಿಗೆ ಹೋಗುವವಳು. ಅಕ್ಟೋಬರಿನಲ್ಲಿ ಬಳ್ಳಿ ಸವರುವ ಕೆಲಸ ಶುರುವಾದರೆ ಹಣ್ಣು ಕಟಾವಾಗುವವರೆಗೆ ಆಕೆಗೆ ಬಿಡುವಿಲ್ಲ, ಆ ಕೂಲಿಯಿಲ್ಲದೆ ಮನೆ ನಡೆಯುತ್ತಲೂ ಇರಲಿಲ್ಲ.

ಅಂಗನವಾಡಿ ಇದೆಯಲ್ಲ ಎಂದು ಹಲವರು ಹೇಳಿದರು. ಅಲ್ಲಿ ಕೂರಿಸಿಕೊಂಡು ಕಲಿಸುವುದು ಮೂರರಿಂದ ಆರು ವರ್ಷದ ಮಕ್ಕಳಿಗೆ. ಅದಕ್ಕಿಂತ ಚಿಕ್ಕವರ ತೂಕ ನೋಡುತ್ತಾರೆ, ಮನೆಗೆ ಒಯ್ಯಲು ಪೌಷ್ಟಿಕ ಆಹಾರ ಕೊಡುತ್ತಾರೆ, ಆದರೆ ಹಾಲುಗೂಸನ್ನು ದಿನವಿಡೀ ಇಟ್ಟುಕೊಳ್ಳುವ ವ್ಯವಸ್ಥೆ ಅಲ್ಲಿರಲಿಲ್ಲ. ಮೊದಲ ಆರು ತಿಂಗಳು ತಾಯಿಯ ಹಾಲಷ್ಟೇ ಸಾಕು, ಆಮೇಲೆ ಬೇರೆ ಆಹಾರದ ಜೊತೆಗೆ ಎರಡು ವರ್ಷದವರೆಗೂ ಹಾಲೂಡಿಸಬೇಕು. ಎರಡು ಮೈಲಿ ದೂರದ ಶಾಲೆಯಲ್ಲಿ ಮುಂಜಾನೆಯಿಂದ ಸಂಜೆಯವರೆಗೆ ಕುಳಿತ ತಾಯಿಗೆ ಎದೆ ಬಿಗಿದು ನೋವು ಬರುತ್ತದೆ, ಕೆಲವೊಮ್ಮೆ ಜ್ವರವೂ ಬರುತ್ತದೆ, ಬರಬರುತ್ತಾ ಹಾಲೇ ಕಡಿಮೆಯಾಗುತ್ತದೆ. ಆದ್ದರಿಂದ ಕೂಸು ಊರೊಳಗೆ ಎಲ್ಲೋ ಇದ್ದರೆ ಸಾಲದು, ಶಾಲೆಯ ಆವರಣದಲ್ಲಿಯೇ ಇರಬೇಕು ಎಂಬುದನ್ನು ಮೊದಲು ಅರಿತವರು ನಾವೆಲ್ಲ ದೊಡ್ಡ ಅಕ್ಕೋರು ಎನ್ನುತ್ತಿದ್ದ ನಮ್ಮ ಮುಖ್ಯೋಪಾಧ್ಯಾಯಿನಿಯವರು.

ವಿಜ್ಞಾನ ಪ್ರಯೋಗಾಲಯದ ಪಕ್ಕದಲ್ಲಿದ್ದ, ಹರಿದ ನಕಾಶೆ, ಮುರಿದ ಬೆಂಚು ತುಂಬಿದ್ದ ಕೋಣೆಯನ್ನು ಅವರು ಖಾಲಿ ಮಾಡಿಸಿ, ಸುಣ್ಣ ಬಳಿಸಿ, ಚಾವಣಿಯ ಕೊಂಡಿಗೆ ಸೀರೆಯ ಜೋಲಿ ಕಟ್ಟಿಸಿದರು. ಬಿಸಿಯೂಟದ ಅಡುಗೆಯ ಅಕ್ಕ ನೆಲಕ್ಕೆ ಹಾಸಲು ಕೌದಿ ತಂದರು. ಊರಿನ ಹಿರಿಯ ಸೂಲಗಿತ್ತಿಯೊಬ್ಬರು ಕೂಸು ನೋಡಿಕೊಳ್ಳಲು ಬಂದರು. ಅವರ ಸಂಬಳವನ್ನು ಶಿಕ್ಷಕರು ತಮ್ಮೊಳಗೇ ಪಟ್ಟಿ ಹಾಕಿ ಕೊಟ್ಟರು. ಕೂಸು ಹಸಿದರೆ ಆ ಆಯಿ ಕೂಗಿ ಕರೆಯುತ್ತಿರಲಿಲ್ಲ, ನಮ್ಮ ತರಗತಿಯ ಕಿಟಕಿಯ ಸರಳು ಹಿಡಿದು ಸುಮ್ಮನೆ ನಿಲ್ಲುತ್ತಿದ್ದರು. ಗಣಿತದ ಸರ್ ಅವರನ್ನು ಕಂಡು, ಬರೆಯುವುದನ್ನು ನಿಲ್ಲಿಸದೆಯೇ ನನ್ನತ್ತ ತಲೆಯಾಡಿಸುತ್ತಿದ್ದರು. ನಾನು ಹಾಲು ಕುಡಿಸಿ ಮರಳುವಷ್ಟರಲ್ಲಿ ಪಕ್ಕದ ಗೆಳತಿ ನನ್ನ ವಹಿಯಲ್ಲಿಯೂ ಲೆಕ್ಕ ಇಳಿಸಿರುತ್ತಿದ್ದಳು. ದೀಪಾವಳಿಯ ಹೊತ್ತಿಗೆ ಸುದ್ದಿ ಕೇಳಿ, ಓದು ಬಿಟ್ಟಿದ್ದ ಪಕ್ಕದ ಊರಿನ ಇನ್ನೊಬ್ಬಳೂ ಮಗನನ್ನು ಎತ್ತಿಕೊಂಡು ಬಂದಳು. ಪರೀಕ್ಷಾ ಕೇಂದ್ರ ಬೇರೆ ಊರಲ್ಲಿದ್ದುದರಿಂದ ಆಯಿ ನಮ್ಮೊಡನೆ ಬಸ್ಸಿನಲ್ಲಿ ಬಂದು, ಎರಡೂ ಕೂಸುಗಳೊಂದಿಗೆ ಹೊರಗಿನ ಬೇವಿನ ಮರದ ಕೆಳಗೆ ಕಾದಿರುತ್ತಿದ್ದರು. ಇಬ್ಬರೂ ಪಾಸಾದೆವು.

ವಿರೋಧಿಸಿದವರೂ ಇದ್ದರು. ಶಾಲೆಯಲ್ಲಿ ತೊಟ್ಟಿಲು ಕಟ್ಟಿದರೆ ಚಿಕ್ಕ ವಯಸ್ಸಿನ ಮದುವೆಗೆ ಒಪ್ಪಿಗೆ ಕೊಟ್ಟಂತಾಗುತ್ತದೆ ಎಂದು ಪಾಲಕರ ಸಭೆಯಲ್ಲಿ ಒಬ್ಬರು ಎದ್ದು ಹೇಳಿದಾಗ, "ಮದುವಿ ನಿಂದರಸಾಕ ನಾನ ಮುಂದ ಇರತೀನ್ರಿ, ಆದ್ರ ಆಗಿ ಹೋದ ಮದುವಿ ಸಿಟ್ಟು ಈ ಹುಡುಗಿ ಮ್ಯಾಲ ಯಾಕ?" ಎಂದು ಅಕ್ಕೋರು ಕೇಳಿದರು. ಅದೇ ವರ್ಷ ಅವರು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ ಎಂಟನೆಯ ತರಗತಿಯ ಹುಡುಗಿಯೊಬ್ಬಳ ಮದುವೆ ತಪ್ಪಿಸಿದರು. ಮದುವೆ ತಡೆಯುವುದೂ, ತಡೆಯಲಾಗದೆ ಹೋದವಳನ್ನು ಓದಿಸುವುದೂ ಒಂದಕ್ಕೊಂದು ವಿರುದ್ಧವಲ್ಲ ಎಂದು ನಾನು ದೃಢವಾಗಿ ನಂಬುತ್ತೇನೆ. ನಮ್ಮಿಬ್ಬರ ಬಾಯಿಂದ ಬಾಣಂತನದ ಕಷ್ಟ ಕೇಳಿದ ಕಿರಿಯ ಹುಡುಗಿಯರೇ, ಮನೆಯಲ್ಲಿ ಮದುವೆಯ ಮಾತು ಎದ್ದರೆ ನೇರವಾಗಿ ಅಕ್ಕೋರ ಬಳಿ ಬಂದು ಹೇಳತೊಡಗಿದ್ದರು.

ಈಗ ನಾನು ವಿಜಯಪುರದಲ್ಲಿ ನರ್ಸ್ ಆಗಿದ್ದೇನೆ. ಹೆರಿಗೆ ವಾರ್ಡಿನಲ್ಲಿ "ಒಂಬತ್ತನೇತ್ತಾಕ ಸಾಲಿ ಬಿಟ್ಟೀನ್ರಿ" ಎನ್ನುವವರು ಇಂದಿಗೂ ಸಿಗುತ್ತಾರೆ. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆ 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯಗೊಳಿಸಿ, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಬರಲು ಅವಕಾಶ ಕೊಟ್ಟಿತು. ನರೇಗಾ ಕೂಲಿಕಾರ ತಾಯಂದಿರ ಮಕ್ಕಳಿಗಾಗಿ ರಾಜ್ಯ ಸರ್ಕಾರ 2023ರಲ್ಲಿ ಕೂಸಿನ ಮನೆ ಯೋಜನೆಯನ್ನು ಘೋಷಿಸಿತು. ಇವೆರಡೂ ದುಡಿಯುವ ತಾಯಿಗಾಗಿ ಬಂದಂಥವು. ತರಗತಿಯಲ್ಲಿ ಕುಳಿತ ತಾಯಿಗೆ ಇವುಗಳಿಂದ ಹಕ್ಕು ದೊರೆಯುವುದಿಲ್ಲ.

ಆ ಹಳೆಯ ಕೋಣೆಯಲ್ಲಿ ಇಂದು ಕಂಪ್ಯೂಟರುಗಳಿವೆ, ಅವೂ ಮಕ್ಕಳಿಗೆ ಬೇಕು. ಹೊಸ ಕಟ್ಟಡದ ನಕ್ಷೆ ಸಿದ್ಧವಾಗುತ್ತಿರುವುದರಿಂದ, ಕೆಳಮಹಡಿಯಲ್ಲಿ ನಲ್ಲಿಯ ಹತ್ತಿರ ಕೂಸುಗಳಿಗೆಂದೇ ಒಂದು ಕೋಣೆ ಇರಲಿ ಎಂದು ನಾವು ಕೆಲವು ಹಳೆಯ ವಿದ್ಯಾರ್ಥಿನಿಯರು ಶಾಲೆಗೆ ಮನವಿ ಕೊಟ್ಟಿದ್ದೇವೆ; ನೋಡಿಕೊಳ್ಳುವವರ ಮೊದಲ ವರ್ಷದ ಸಂಬಳವನ್ನು ನಾವೇ ಭರಿಸುತ್ತೇವೆ.