ಜೂನ್ ಪ್ರವಾಸದ ನಕ್ಷೆ

ಬ್ರಿಟನ್ ಪ್ರವಾಸದ ನಕ್ಷೆ ಕೊನೆಗೂ ಒಂದು ಹದಕ್ಕೆ ಬಂದಿದೆ. ಲಂಡನ್, ಯಾರ್ಕ್, ಎಡಿನ್‌ಬರೋ, ಇನ್ವರ್ನೆಸ್: ಇಲ್ಲಿಯವರೆಗೆ ರೈಲು. ಯಾರ್ಕ್ ದಾಟಿ ಉತ್ತರಕ್ಕೆ ಹೋಗುವಾಗ ಬಲಬದಿಯ ಕಿಟಕಿಯೇ ಬೇಕೆಂದು ಹಟ ಹಿಡಿದಿದ್ದೇನೆ. ಸ್ಕಾಟ್ಲೆಂಡ್ ಗಡಿಯ ಬಳಿಯ ಬೆರಿಕ್ ಊರಿನ ಸುತ್ತಮುತ್ತ ಹಳಿ ಸಮುದ್ರದ ಅಂಚಿನಲ್ಲೇ ಸಾಗುತ್ತದೆ. ಮುಂಗಡ ಟಿಕೆಟ್ ಅಗ್ಗವೇನೋ ಹೌದು, ಆದರೆ ಗೊತ್ತುಮಾಡಿದ ರೈಲನ್ನೇ ಹತ್ತಬೇಕು. ಊರು ಹಿಡಿಸಿತೆಂದು ಇನ್ನೊಂದು ಗಂಟೆ ಉಳಿಯುವಂತಿಲ್ಲ.

ಆಮೇಲೆ ಕಾರು. ಎಡಬದಿಯ ಚಾಲನೆ ನಮಗೆ ಹೊಸದಲ್ಲ. ಸ್ಕಾಟ್ಲೆಂಡಿನ ಬೆಟ್ಟಸೀಮೆ ಹೈಲ್ಯಾಂಡ್ಸ್‌ನ ಒಂಟಿ ಪಥದ ರಸ್ತೆಯಲ್ಲಿ ಎದುರಿನವರಿಗೆ ನಿಂತು ದಾರಿ ಬಿಡುವ ತಾಳ್ಮೆ ಹೊಸದು!

ಪ್ರವಾಸ ಯೋಜಿಸುವುದೆಂದರೆ ನೋಡದೆ ಬಿಡುವ ಊರುಗಳನ್ನು ಆರಿಸುವುದೇ ಇರಬೇಕು. ವೇಲ್ಸ್, ಕಾರ್ನ್‌ವಾಲ್ ಆಗಲೇ ಹೊರಗೆ. ಲಂಡನ್ನಿನ ದಿನಗಳನ್ನು ಕತ್ತರಿಸಿ ಸ್ಕಾಟ್ಲೆಂಡಿನ ಸ್ಕೈ ದ್ವೀಪಕ್ಕೆ ಕೊಟ್ಟಿದ್ದಕ್ಕೆ ಮನೆಯಲ್ಲಿ ಗೊಣಗಾಟ ನಡೆದಿದೆ. ಜೂನ್‌ನಲ್ಲಿ ರಾತ್ರಿ 10ಕ್ಕೂ ಬೆಳಕಿರುವ ಜಾಗವನ್ನು ನಾನಂತೂ ಬಿಟ್ಟುಕೊಡುವುದಿಲ್ಲ.